ಬ್ಲಾಗ್ ಬರೆಯುವವರು ಪತ್ರಕರ್ತರು ಅನ್ನಿಸಿಕೊಳ್ಳೋಕೆ ಡಿಗ್ರಿ, ಕಾರ್ಡು ಬೇಕೇ ಬೇಕಾ?

ಖಾಲಿಪುಟ:
ಎಲ್ಲರಿಗೂ ನಮಸ್ಕಾರ. ನಾನು ಪತ್ರಿಕೋದ್ಯಮ ಓದಿದವಳಲ್ಲ, ಯಾವ ಪತ್ರಿಕೆಯಲ್ಲೂ ಕೆಲಸ ಮಾಡಿಲ್ಲ. ಸರ್ಕಾರಿ ಟೆಂಡರ್‌ಗಳ ಬಗ್ಗೆ ಬ್ಲಾಗ್ ಬರೆಯುತ್ತೇನೆ. ಹೆಚ್ಚಿನ ಕೆಲಸ ಅಂದ್ರೆ ಕೂತು ಕಾಗದ ಓದುವುದೇ. ಯಾರ್ಯಾರು ಬಿಡ್ ಹಾಕಿದ್ದಾರೆ, ಆ ಕಂಪನಿಗಳ ನಿರ್ದೇಶಕರು ಯಾರು, ನೋಂದಣಿ ವಿಳಾಸ ಯಾವುದು ಅಂತ ಒಂದು ಶೀಟ್‌ನಲ್ಲಿ ತುಂಬಿಕೊಂಡು ಹೋಗುತ್ತೇನೆ. ಬೇರೆ ಬೇರೆ ಹೆಸರಿನ ಮೂರು ಕಂಪನಿಗಳಿಗೂ ವಿಳಾಸ ಒಂದೇ, ಕೋಣೆ ಸಂಖ್ಯೆಯೂ ಒಂದೇ ಅಂತ ಕಂಡರೆ, ಪೈಪೋಟಿ ಬರೀ ತೋರಿಕೆಯದ್ದಿರಬಹುದಲ್ಲ ಅಂತ ಬರೆಯುತ್ತೇನೆ.

ಈಚೆಗೆ ಒಂದು ಇಲಾಖೆಯ ಪತ್ರಿಕಾಗೋಷ್ಠಿಗೆ ಹೋದರೆ ಒಳಗೆ ಬಿಡಲಿಲ್ಲ. ಕಾರ್ಡ್ ಇಲ್ಲ, ಸಂಸ್ಥೆ ಇಲ್ಲ, "ನೀವು ಪ್ರೆಸ್ ಅಲ್ಲ" ಅಂದರು. ಒಳಗೆ ಹೋದವರಲ್ಲಿ ಕೆಲವರು ಮಾರನೇ ದಿನ ಇಲಾಖೆಯ ಪ್ರೆಸ್ ನೋಟನ್ನೇ ಅದರ ಅಕ್ಷರ ತಪ್ಪುಗಳ ಸಮೇತ ಹಾಕಿದ್ದರು. ಸಿಟ್ಟು ಬಂತು. ಅದಿರಲಿ, ನನ್ನ ಪ್ರಶ್ನೆ ಇದು: ನಾನು ಮಾಡುತ್ತಿರುವುದು ಪತ್ರಿಕೋದ್ಯಮ ಹೌದೋ ಅಲ್ಲವೋ? ಡಿಪ್ಲೊಮಾ ಮಾಡಿಕೊಂಡರೆ ಆಗ ಹೌದಾಗುತ್ತಾ?

ಸುಮ್ನಿರಲ್ಲ:
ಇದಕ್ಕೆ ಚರ್ಚೆ ಬೇರೆ ಬೇಕಾ! ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರಲ್ಲಿ ಬಂತು. ಅದನ್ನು ತಂದ ಮೊಗ್ಲಿಂಗ್ ಬಾಸೆಲ್ ಮಿಷನ್ನಿನ ಪಾದ್ರಿ. ಅಮೆರಿಕದ ಮಿಸೌರಿ ವಿಶ್ವವಿದ್ಯಾಲಯದ ಪತ್ರಿಕೋದ್ಯಮ ಶಾಲೆ ಶುರುವಾಗಿದ್ದು 1908ರಲ್ಲಿ, ಕೊಲಂಬಿಯಾ ವಿಶ್ವವಿದ್ಯಾಲಯದ್ದು 1912ರಲ್ಲಿ. ಅದಕ್ಕೂ ಮೊದಲು ಬರೆದವರೆಲ್ಲ ಯಾರು ಹಾಗಾದ್ರೆ? ಗಾಂಧಿ 'ಇಂಡಿಯನ್ ಒಪೀನಿಯನ್' ಪತ್ರಿಕೆ ನಡೆಸಿದ್ದು ಯಾವ ಕೋರ್ಸ್ ಮಾಡಿ? ಅಂಬೇಡ್ಕರ್ 'ಮೂಕನಾಯಕ' ಪತ್ರಿಕೆ ತಂದಿದ್ದು ಯಾರ ಕಾರ್ಡ್ ತೋರಿಸಿ?

ಹಳೇ ಡೆಸ್ಕು:
ಸುಮ್ನಿರಲ್ಲ ಅವರೇ, ಗಾಂಧಿ, ಅಂಬೇಡ್ಕರ್ ಹೆಸರು ತಂದರೆ ಎದುರಿನವರ ಬಾಯಿ ಮುಚ್ಚುತ್ತೆ, ನಿಜ. ಆದರೆ ಇಬ್ಬರೂ ಬ್ಯಾರಿಸ್ಟರ್ ಓದಿದವರು. ಸಾಕ್ಷಿ ಅಂದರೇನು, ಆಧಾರ ಅಂದರೇನು ಅಂತ ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಎಲ್ಲರೂ ಹಾಗಿರುವುದಿಲ್ಲ.

ನಾನು ಬದುಕೆಲ್ಲ ಪತ್ರಿಕೆಯ ಡೆಸ್ಕಿನಲ್ಲಿ ಕೂತು ವರದಿಗಾರರ ಕಾಪಿ ತಿದ್ದಿದವನು. ಡಿಗ್ರಿಯ ಬಗ್ಗೆ ನನಗೂ ಅಂಥ ಮೋಹ ಇಲ್ಲ. ತರಬೇತಿ ಬೇಡ ಅನ್ನುವವರನ್ನು ಕಂಡರೆ ಮಾತ್ರ ಹೆದರಿಕೆ ಆಗುತ್ತೆ. ಒಬ್ಬರ ಮೇಲೆ ಎಫ್‌ಐಆರ್ ಆಗಿದೆ ಅಂದರೆ ಪೊಲೀಸರು ದೂರು ಬರೆದುಕೊಂಡಿದ್ದಾರೆ ಅಂತ ಅರ್ಥ, ಅಷ್ಟೇ. ತನಿಖೆ ಆಗಬೇಕು, ಆರೋಪಪಟ್ಟಿ ಸಲ್ಲಿಕೆ ಆಗಬೇಕು, ವಿಚಾರಣೆ ನಡೆಯಬೇಕು, ತೀರ್ಪು ಬರಬೇಕು. ಬ್ಲಾಗ್, ಯೂಟ್ಯೂಬ್‌ಗಳಲ್ಲಿ ಎಫ್‌ಐಆರ್ ಆದ ಸಂಜೆಯೇ "ಕಳ್ಳ ಸಿಕ್ಕಿಬಿದ್ದ" ಅಂತ ಫೋಟೊ ಸಮೇತ ಹಾಕಿರುತ್ತಾರೆ. ಆರು ವರ್ಷ ಬಿಟ್ಟು ಆ ಮನುಷ್ಯ ಖುಲಾಸೆ ಆದರೆ ಆ ಸುದ್ದಿಯನ್ನು ಯಾರೂ ಹಾಕುವುದಿಲ್ಲ. ಅಪ್ರಾಪ್ತ ಮಕ್ಕಳ ಗುರುತು, ಅತ್ಯಾಚಾರಕ್ಕೆ ಒಳಗಾದವರ ಗುರುತು ಬಿಟ್ಟುಕೊಡಬಾರದು ಅನ್ನುವುದು ಡೆಸ್ಕ್‌ಗೆ ಬಂದ ಮೊದಲ ವಾರವೇ ತಲೆಗೆ ಹೋಗುವ ಪಾಠ. ಹೆಸರು ಬಿಟ್ಟು ಊರು, ಶಾಲೆ, ಅಪ್ಪನ ಕೆಲಸ ಮೂರನ್ನೂ ಬರೆದರೆ ಹೆಸರು ಬರೆದಷ್ಟೇ ಆಯಿತು. ಇದನ್ನು ಒಬ್ಬರೇ ಕೂತು ಬರೆಯುವವರಿಗೆ ಹೇಳುವವರು ಯಾರು?

ಬಿಸಿಲುಕುದುರೆ:
ಹಳೇ ಡೆಸ್ಕು ಸರ್ ಹೇಳಿದ್ದಕ್ಕೆ ನನ್ನದೂ ಒಂದು ವೋಟು. ಡಾಕ್ಟರಿಗೆ ಲೈಸೆನ್ಸ್ ಬೇಕು, ವಕೀಲರಿಗೆ ಸನ್ನದು ಬೇಕು. ಒಬ್ಬರ ಮಾನ ಹರಾಜು ಹಾಕುವ ಕೆಲಸಕ್ಕೆ ಏನೂ ಬೇಡವಾ? 2013ರಲ್ಲಿ, ಪತ್ರಿಕೆಗಳ ಮೇಲಿನ ದೂರು ಕೇಳುವ ಪ್ರೆಸ್ ಕೌನ್ಸಿಲ್‌ನ ಅಧ್ಯಕ್ಷರಾಗಿದ್ದ ಮಾರ್ಕಂಡೇಯ ಕಾಟ್ಜು ಅವರೇ ಪತ್ರಕರ್ತರಿಗೆ ಕನಿಷ್ಠ ವಿದ್ಯಾರ್ಹತೆ ಇರಬೇಕು ಅಂದಿದ್ದರು, ಅದಕ್ಕೊಂದು ಸಮಿತಿಯನ್ನೂ ಮಾಡಿದ್ದರು.

ಕರಿಕೋಟು:
ಈ ಡಾಕ್ಟರ್ ಉದಾಹರಣೆ ಯಾವ ಚರ್ಚೆಗೂ ತಪ್ಪದೆ ಬರುತ್ತೆ. ಬ್ರೆಜಿಲ್‌ನಲ್ಲಿ ಇದೇ ವಾದ ಸುಪ್ರೀಂ ಕೋರ್ಟ್‌ವರೆಗೆ ಹೋಗಿತ್ತು. ಅಲ್ಲಿ ಪತ್ರಕರ್ತರಾಗಲು ಪತ್ರಿಕೋದ್ಯಮದ ಡಿಪ್ಲೊಮಾ ಕಡ್ಡಾಯ ಅಂತ 1969ರಲ್ಲಿ ಮಿಲಿಟರಿ ಆಡಳಿತ ನಿಯಮ ಮಾಡಿತ್ತು. ಯಾರು ಮಾಡಿದ್ದು ಅನ್ನುವುದನ್ನು ಗಮನಿಸಿ. 2009ರ ಜೂನ್‌ನಲ್ಲಿ ಕೋರ್ಟ್ 8-1 ಬಹುಮತದಲ್ಲಿ ಅದನ್ನು ತೆಗೆದುಹಾಕಿತು. ಅಡುಗೆಯಲ್ಲಿ ಪದವಿ ಪಡೆದ ಒಳ್ಳೆಯ ಬಾಣಸಿಗ ಇರಬಹುದು, ಹಾಗಂತ ಪ್ರತಿ ಊಟವನ್ನೂ ಪದವೀಧರನೇ ಮಾಡಬೇಕು ಅಂತ ಸರ್ಕಾರ ಹೇಳೋಕಾಗುತ್ತಾ ಅನ್ನುವ ಧಾಟಿಯಲ್ಲಿ ಮುಖ್ಯ ನ್ಯಾಯಮೂರ್ತಿ ಬರೆದರು.

ಅದಕ್ಕೂ ಮೊದಲು ಕೋಸ್ಟರಿಕಾದ ಪ್ರಕರಣ ಇದೆ. ಅಲ್ಲಿ ಆಗ ಪತ್ರಕರ್ತರ ಸಂಘದ ಸದಸ್ಯತ್ವ ಇಲ್ಲದೆ ಬರೆದರೆ ಅಪರಾಧ ಆಗಿತ್ತು. ಹಾಗೆ ಬರೆದ ಒಬ್ಬ ವರದಿಗಾರನಿಗೆ ಶಿಕ್ಷೆಯೂ ಆಯಿತು. 1985ರಲ್ಲಿ ಅಮೆರಿಕ ಖಂಡಗಳ ಮಾನವ ಹಕ್ಕುಗಳ ನ್ಯಾಯಾಲಯ ಇದು ತಪ್ಪು ಅಂತ ಅಭಿಪ್ರಾಯ ಕೊಟ್ಟಿತು. ಡಾಕ್ಟರ್ ಮಾಡುವ ಆಪರೇಷನ್ ಮಾಡುವ ಹಕ್ಕು ಎಲ್ಲ ಪ್ರಜೆಗಳಿಗೂ ಇಲ್ಲ. ವಿಷಯ ತಿಳಿದುಕೊಂಡು ಬೇರೆಯವರಿಗೆ ಹೇಳುವ ಹಕ್ಕು ಎಲ್ಲರಿಗೂ ಇದೆ, ಪತ್ರಕರ್ತರು ಮಾಡುವುದೂ ಅದನ್ನೇ. ಎಲ್ಲರ ಹಕ್ಕನ್ನು ಕೆಲವರ ಲೈಸೆನ್ಸ್ ಮಾಡೋಕೆ ಬರುವುದಿಲ್ಲ.

ನಮ್ಮ ಸಂವಿಧಾನ ಸಭೆಯಲ್ಲೂ ಪತ್ರಿಕಾ ಸ್ವಾತಂತ್ರ್ಯ ಅಂತ ಬೇರೆಯೇ ಒಂದು ಸಾಲು ಇರಲಿ ಅಂತ ಬೇಡಿಕೆ ಬಂದಿತ್ತು. ಒಬ್ಬ ಸಾಮಾನ್ಯ ಪ್ರಜೆಗೆ ಇಲ್ಲದ ಯಾವ ವಿಶೇಷ ಹಕ್ಕೂ ಪತ್ರಿಕೆಗೆ ಇಲ್ಲ ಅಂತ 1948ರ ಡಿಸೆಂಬರ್‌ನಲ್ಲಿ ಅಂಬೇಡ್ಕರ್ ಉತ್ತರ ಕೊಟ್ಟರು. ಅದಕ್ಕೇ ಸಂವಿಧಾನದಲ್ಲಿ ವಾಕ್ ಸ್ವಾತಂತ್ರ್ಯ ಕೊಡುವ 19(1)(ಎ) ವಿಧಿಯಲ್ಲಿ ಪತ್ರಿಕೆ ಅನ್ನುವ ಪದವೇ ಇಲ್ಲ. ಖಾಲಿಪುಟ ಅವರ ಹಕ್ಕೂ ಸಂಪಾದಕರ ಹಕ್ಕೂ ಒಂದೇ.

ನಿಂಬೆಹುಳಿ:
ಹಕ್ಕು ಒಂದೇ ಇರಬಹುದು, ಕುರ್ಚಿ ಮಾತ್ರ ಒಂದೇ ಅಲ್ಲ 😄 ಅವರನ್ನು ಒಳಗೆ ಬಿಡಲಿಲ್ಲವಲ್ಲ, ಅದಕ್ಕೇನಂತೀರಿ?

ಕರಿಕೋಟು:
ಅದಕ್ಕೂ ಉತ್ತರ ಇದೆ. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ 2011ರಲ್ಲಿ ಹೊರಡಿಸಿದ 34ನೇ ಸಾಮಾನ್ಯ ಟಿಪ್ಪಣಿ ಓದಿ. ಪತ್ರಿಕೋದ್ಯಮ ಒಂದು ಕೆಲಸ, ಅದನ್ನು ಪೂರ್ಣಾವಧಿ ವರದಿಗಾರರೂ ಮಾಡುತ್ತಾರೆ, ಬ್ಲಾಗರ್‌ಗಳೂ ಮಾಡುತ್ತಾರೆ, ಪತ್ರಕರ್ತರೆಲ್ಲ ಸರ್ಕಾರದಲ್ಲಿ ನೋಂದಾಯಿಸಿಕೊಳ್ಳಬೇಕು ಅನ್ನುವ ಹಾಗಿಲ್ಲ ಅಂತ ಅದರಲ್ಲಿದೆ. ಕೂರಲು ಜಾಗ ಕಡಿಮೆ ಇರುವ ಕಡೆ, ಭದ್ರತೆ ಇರುವ ಕಡೆ ಪಾಸ್ ಕೊಡುವ ಪದ್ಧತಿ ಇಟ್ಟುಕೊಳ್ಳಬಹುದು. ಆದರೆ ಅದಕ್ಕೆ ಒಪ್ಪಬಹುದಾದ ಅಳತೆ ಇರಬೇಕು, ಭೇದ ಮಾಡಬಾರದು. ಅಂದ್ರೆ ಕಾರ್ಡು ಬಾಗಿಲಿಗೆ ಸಂಬಂಧಿಸಿದ್ದು, ಬರೆಯುವುದಕ್ಕೆ ಅಲ್ಲ.

ಎರಡನೇ ಪಾಳಿ:
ಬಾಗಿಲಿನ ವಿಷಯ ಬಂತಲ್ಲ, ಒಂದು ತಮಾಷೆ ಹೇಳುತ್ತೇನೆ. 2005ರಲ್ಲಿ ಶ್ವೇತಭವನಕ್ಕೆ ಮೊದಲ ಸಲ ಒಬ್ಬ ಬ್ಲಾಗರ್‌ಗೆ ಪ್ರೆಸ್ ಪಾಸ್ ಸಿಕ್ಕಿತು, ಅದೊಂದು ದೊಡ್ಡ ಸುದ್ದಿ. ಅದೇ ವರ್ಷದ ಶುರುವಿನಲ್ಲಿ ಬಯಲಾದ ಇನ್ನೊಂದು ಸಂಗತಿ ಅಂದ್ರೆ, ಪಕ್ಷವೊಂದರ ಕಡೆಯ ವೆಬ್‌ಸೈಟಿನ ಮನುಷ್ಯನೊಬ್ಬ ಸುಳ್ಳು ಹೆಸರಿನಲ್ಲಿ ಬರೆಯುತ್ತಾ, ದಿನದ ಪಾಸ್ ಪಡೆದುಕೊಂಡು ಹೆಚ್ಚುಕಡಿಮೆ ಎರಡು ವರ್ಷ ಅಲ್ಲೇ ಕೂತು ಅಧ್ಯಕ್ಷರಿಗೆ ಹಿತವಾದ ಪ್ರಶ್ನೆ ಕೇಳಿಕೊಂಡಿದ್ದ. ಪಾಸ್ ಕೊಟ್ಟಿದ್ದಕ್ಕೂ ಪತ್ರಕರ್ತ ಆಗಿದ್ದಕ್ಕೂ ಏನು ಸಂಬಂಧ?

ನಾನು ಪತ್ರಿಕೋದ್ಯಮದಲ್ಲಿ ಎಂಎ ಮಾಡಿದವನು, ಈಗಲೂ ವರದಿಗಾರ. ಕಾಲೇಜಿನಲ್ಲಿ ಸಂವಹನ ಸಿದ್ಧಾಂತಗಳನ್ನು ಬಾಯಿಪಾಠ ಮಾಡಿದ್ದು ನೆನಪಿದೆ. ಆಸ್ತಿ ದಾಖಲೆ ಓದುವುದು, ಬಜೆಟ್ ಪುಸ್ತಕದಲ್ಲಿ ಕಳೆದ ವರ್ಷದ ಅಂದಾಜು ಯಾವುದು, ನಿಜವಾಗಿ ಖರ್ಚಾಗಿದ್ದು ಯಾವುದು ಅಂತ ಬೇರೆ ಮಾಡುವುದು, ತೀರ್ಪಿನ ಪ್ರತಿಯನ್ನು ಕೊನೆಯಿಂದ ಓದುವುದು, ಇದನ್ನೆಲ್ಲ ಕೆಲಸಕ್ಕೆ ಸೇರಿದ ಮೇಲೆ ಬೈಸಿಕೊಂಡು ಕಲಿತದ್ದು. ಖಾಲಿಪುಟ ಅವರು ಮಾಡುವ ವಿಳಾಸ ಹೋಲಿಸುವ ಕೆಲಸ ನಮ್ಮಲ್ಲಿ ಎಷ್ಟೋ ಜನರಿಗೆ ಬರಲ್ಲ. ಬಂದರೂ ದಿನಕ್ಕೆ ನಾಲ್ಕು ಸ್ಟೋರಿ ಕೇಳುವ ಕಡೆ ಪುರುಸೊತ್ತು ಎಲ್ಲಿ!

ಸುಮ್ನಿರಲ್ಲ:
ಎಲಿಯಟ್ ಹಿಗ್ಗಿನ್ಸ್ ಹೆಸರು ಯಾರೂ ಎತ್ತಲಿಲ್ಲ? ಇಂಗ್ಲೆಂಡಿನ ಲೆಸ್ಟರ್‌ನವನು, ಕೆಲಸ ಇಲ್ಲದೆ ಮನೆಯಲ್ಲಿದ್ದ. ಪತ್ರಿಕೋದ್ಯಮದ ಪದವಿ ಇಲ್ಲ, ಸೈನ್ಯದಲ್ಲಿ ಇರಲಿಲ್ಲ, ಅರೇಬಿಕ್ ಬರುತ್ತಿರಲಿಲ್ಲ, ಸಿರಿಯಾಕ್ಕೆ ಕಾಲಿಟ್ಟಿರಲಿಲ್ಲ. 2012ರಲ್ಲಿ ಬ್ಲಾಗ್ ಶುರು ಮಾಡಿ ಸಿರಿಯಾ ಯುದ್ಧದ ಯೂಟ್ಯೂಬ್ ವಿಡಿಯೋಗಳನ್ನು ಒಂದೊಂದೇ ನೋಡುತ್ತಾ ಅದರಲ್ಲಿ ಕಾಣುವ ಆಯುಧ ಯಾವುದು ಅಂತ ಗುರುತು ಹಚ್ಚುತ್ತಾ ಹೋದ. ಹಾಗೆ ನೋಡುತ್ತಾ ಹಳೇ ಯುಗೊಸ್ಲಾವಿಯಾದ ಆಯುಧಗಳು ಬಂಡುಕೋರರ ಕೈಯಲ್ಲಿ ಇದ್ದಕ್ಕಿದ್ದಂತೆ ಕಾಣಿಸಿಕೊಂಡಿದ್ದು ಅವನ ಕಣ್ಣಿಗೆ ಬಿತ್ತು, ದೊಡ್ಡ ಪತ್ರಿಕೆಗಳು ಅದರ ಬೆನ್ನು ಹತ್ತಿದವು. 2014ರ ಜುಲೈನಲ್ಲಿ ಬೆಲ್ಲಿಂಗ್‌ಕ್ಯಾಟ್ ಅನ್ನುವ ತನಿಖಾ ವೆಬ್‌ಸೈಟ್ ಶುರು ಮಾಡಿದ. ಕೆಲವೇ ದಿನದಲ್ಲಿ ಉಕ್ರೇನ್ ಮೇಲೆ ಮಲೇಷ್ಯಾದ ಎಂಎಚ್17 ವಿಮಾನ ಹೊಡೆದುರುಳಿಸಿದರು. ಆ ಕ್ಷಿಪಣಿ ವಾಹನ ಯಾವ ರಸ್ತೆಯಲ್ಲಿ ಬಂತು ಅನ್ನುವುದನ್ನು ಜನ ಹಾಕಿದ ಫೋಟೊ, ವಿಡಿಯೋಗಳಿಂದಲೇ ಜೋಡಿಸಿದವರಲ್ಲಿ ಇವರು ಮುಖ್ಯರು.

ಹಳೇ ಡೆಸ್ಕು:
ಒಪ್ಪಿದೆ. ಆದರೆ ಹಿಗ್ಗಿನ್ಸ್ ಕಥೆಯನ್ನು ಅರ್ಧ ಹೇಳಿದಿರಿ. ಅವನನ್ನು ಜನ ನಂಬಿದ್ದು ಡಿಗ್ರಿ ಇಲ್ಲ ಅಂತ ಅಲ್ಲ. ಯಾವ ವಿಡಿಯೋ, ಯಾವ ನಿಮಿಷ, ಹಿಂದೆ ಕಾಣುವ ಕಟ್ಟಡ ಉಪಗ್ರಹ ಚಿತ್ರದಲ್ಲಿ ಎಲ್ಲಿದೆ ಅಂತ ಎಲ್ಲವನ್ನೂ ಮುಂದಿಡುತ್ತಿದ್ದ. ಬೇಕಿದ್ದರೆ ನೀವೇ ಪರೀಕ್ಷೆ ಮಾಡಿ ಅನ್ನುವ ಬರಹ ಅದು. ಅದು ಶಿಸ್ತು. ಹಿಗ್ಗಿನ್ಸ್ ಒಬ್ಬ ಇದ್ದರೆ ಫಾರ್ವರ್ಡ್ ಮಾಡುವವರು ಲಕ್ಷ ಜನ ಇದ್ದಾರೆ.

ಗುಂಪಿನ ಬುದ್ಧಿವಂತಿಕೆಗೆ ಇನ್ನೊಂದು ಮುಖವೂ ಇದೆ. 2004ರ ಸೆಪ್ಟೆಂಬರ್ 8ರಂದು ಅಮೆರಿಕದ ಸಿಬಿಎಸ್ ಚಾನೆಲ್ಲು ಆಗ ಅಧ್ಯಕ್ಷರಾಗಿದ್ದ ಜಾರ್ಜ್ ಬುಷ್ ಅವರ ಸೇನಾ ಸೇವೆಯ ಬಗ್ಗೆ ಕೆಲವು ಟಿಪ್ಪಣಿ ತೋರಿಸಿತು. 1970ರ ದಶಕದ್ದು ಅಂತ ಹೇಳಿತು. ಕೆಲವೇ ಗಂಟೆಗಳಲ್ಲಿ ಅಂತರ್ಜಾಲದಲ್ಲಿ ಜನ ಹಿಡಿದರು: ಅಕ್ಷರಗಳ ಅಗಲ ಒಂದೊಂದಕ್ಕೂ ಬೇರೆ ಇದೆ, ಸಂಖ್ಯೆಯ ಪಕ್ಕದ ಪುಟ್ಟ ಅಕ್ಷರ ಸಾಲಿನ ಮೇಲಕ್ಕೆ ಏರಿದೆ, ಇದು ಟೈಪ್‌ರೈಟರ್ ಅಲ್ಲ. ಒಬ್ಬ ಬ್ಲಾಗರ್ ಅದೇ ಮಾತುಗಳನ್ನು ಮೈಕ್ರೋಸಾಫ್ಟ್ ವರ್ಡ್‌ನಲ್ಲಿ ಏನೂ ಬದಲಿಸದೆ ಟೈಪ್ ಮಾಡಿ, ಎರಡನ್ನೂ ಒಂದರ ಮೇಲೊಂದು ಇಟ್ಟು ತೋರಿಸಿದ. ಸಾಲಿಗೆ ಸಾಲು ಕೂತಿತು. ಹನ್ನೆರಡು ದಿನಕ್ಕೆ ಸಿಬಿಎಸ್, ದಾಖಲೆ ಅಸಲಿ ಅಂತ ಸಾಬೀತು ಮಾಡಲು ನಮ್ಮಿಂದ ಆಗದು ಅಂತ ಒಪ್ಪಿಕೊಂಡಿತು. ಸರಿ, ಬ್ಲಾಗರ್‌ಗಳು ಗೆದ್ದರು. ಆದರೆ ಅದೇ ಗುಂಪಿನಲ್ಲಿ ಆಗಿನ ಕಾಲಕ್ಕೆ ಅಂಥ ಅಕ್ಷರ ಹೊಡೆಯುವ ಯಂತ್ರವೇ ಇರಲಿಲ್ಲ ಅಂತ ಆಣೆ ಮಾಡಿ ಹೇಳಿದವರೂ ಇದ್ದರು. ಇತ್ತು ಸ್ವಾಮಿ. ಐಬಿಎಂನ ಕೆಲವು ಮಾದರಿಗಳು ಅಕ್ಷರಕ್ಕೆ ತಕ್ಕ ಅಗಲ ಕೊಡುತ್ತಿದ್ದವು. ಆ ತಪ್ಪು ಹೇಳಿದವರು ಯಾರೂ ತಿದ್ದುಪಡಿ ಹಾಕಬೇಕಾಗಿ ಬರಲಿಲ್ಲ, ಕೆಲಸ ಕಳೆದುಕೊಳ್ಳಲೂ ಇಲ್ಲ. ಸಿಬಿಎಸ್‌ನಲ್ಲಿ ತಲೆಗಳು ಉರುಳಿದವು.

ನಿಂಬೆಹುಳಿ:
ತಲೆ ಉರುಳುವುದೇ ಅರ್ಹತೆ ಅಂತೀರಾ ಸರ್?

ಹಳೇ ಡೆಸ್ಕು:
ಒಂದು ರೀತಿಯಲ್ಲಿ ಹೌದು. ತಪ್ಪಾದರೆ ಯಾರನ್ನು ಕೇಳಬೇಕು ಅಂತ ಓದುಗನಿಗೆ ಗೊತ್ತಿರಬೇಕು.

ಎರಡನೇ ಪಾಳಿ:
ಸಂಸ್ಥೆ ಇದ್ದರೆ ಸಾಕು ಅನ್ನೋಕೂ ಆಗಲ್ಲ ಸರ್. ಜರ್ಮನಿಯ 'ಡೆರ್ ಸ್ಪೀಗೆಲ್' ಅಂದ್ರೆ ಸತ್ಯಾಂಶ ಪರಿಶೀಲನೆಗೇ ದೊಡ್ಡ ವಿಭಾಗ ಇಟ್ಟುಕೊಂಡ ಪತ್ರಿಕೆ. ಅಲ್ಲೇ ಕ್ಲಾಸ್ ರೆಲೋಟಿಯಸ್ ಅನ್ನುವವನು ವರ್ಷಗಟ್ಟಲೆ ಪಾತ್ರ, ಮಾತು ಎಲ್ಲ ಕಟ್ಟಿ ಬರೆದ, ಪ್ರಶಸ್ತಿಗಳನ್ನೂ ಬಾಚಿಕೊಂಡ. 2018ರಲ್ಲಿ ಸಹೋದ್ಯೋಗಿಯೊಬ್ಬರು ತಮ್ಮ ಕೆಲಸಕ್ಕೇ ಕುತ್ತು ತಂದುಕೊಂಡು ಬಯಲು ಮಾಡಿದರು. ವಾಷಿಂಗ್ಟನ್ ಪೋಸ್ಟ್‌ನ ಜಾನೆಟ್ ಕುಕ್ ಕಥೆಯೂ ಅಷ್ಟೇ. ಹೆರಾಯಿನ್ ಚಟ ಹತ್ತಿದ ಎಂಟು ವರ್ಷದ ಹುಡುಗನ ಬಗ್ಗೆ 1980ರಲ್ಲಿ ಬರೆದಳು, 1981ರಲ್ಲಿ ಪುಲಿಟ್ಜರ್ ಬಂತು, ಅಂಥ ಹುಡುಗನೇ ಇರಲಿಲ್ಲ. ಪ್ರಶಸ್ತಿ ವಾಪಸ್ ಹೋಯಿತು.

ಬಿಸಿಲುಕುದುರೆ:
ಎರಡನೇ ಪಾಳಿ ಅವರೇ, ಕುಕ್ ಸಿಕ್ಕಿಬಿದ್ದಿದ್ದು ಹೇಗೆ ಅಂತ ಹೇಳಲೇ ಇಲ್ಲ ನೀವು! ಪ್ರಶಸ್ತಿ ಬಂದ ಮೇಲೆ ಅವಳ ಪರಿಚಯ ಅಚ್ಚಾಯಿತು, ಅದರಲ್ಲಿದ್ದ ಡಿಗ್ರಿ ಸುಳ್ಳು ಅಂತ ಗೊತ್ತಾಯಿತು, ಅಲ್ಲಿಂದ ಎಳೆ ಬಿಚ್ಚಿಕೊಂಡಿತು. ಅರ್ಹತೆ ಪತ್ರವನ್ನು ಮೊದಲೇ ಸರಿಯಾಗಿ ನೋಡಿದ್ದರೆ ಅಷ್ಟು ದೂರ ಹೋಗುತ್ತಲೇ ಇರಲಿಲ್ಲ.

ಎರಡನೇ ಪಾಳಿ:
ಹ್ಹ ಹ್ಹ, ಒಳ್ಳೇ ಏಟು. ಆದರೂ ಡಿಗ್ರಿ ನಿಜವಾಗಿದ್ದಿದ್ದರೆ ಹುಡುಗ ನಿಜವಾಗಿಬಿಡುತ್ತಿದ್ದನಾ? ಆ ಹುಡುಗನ ಮನೆ ಎಲ್ಲಿ, ನಡಿ ಹೋಗಿ ನೋಡೋಣ ಅಂತ ಸಂಪಾದಕರು ಪಟ್ಟು ಹಿಡಿದು ಕೇಳಬೇಕಿತ್ತು.

ಬಿಸಿಲುಕುದುರೆ:
ನನ್ನ ಭಯ ಬೇರೆ. ಮೈಕ್ ಹಿಡಿದು, ಬೈಕಿಗೆ ಪ್ರೆಸ್ ಸ್ಟಿಕ್ಕರ್ ಅಂಟಿಸಿ, "ಸುದ್ದಿ ಹಾಕ್ತೀನಿ, ಇಲ್ಲಾಂದ್ರೆ ನೋಡಿ" ಅಂತ ವಸೂಲಿ ಮಾಡುವವರು ಇದ್ದಾರಲ್ಲ. ಎಲ್ಲರೂ ಪತ್ರಕರ್ತರೇ ಅಂದುಬಿಟ್ಟರೆ ಇವರನ್ನು ಹಿಡಿಯುವುದು ಹೇಗೆ?

ಕರಿಕೋಟು:
ವಸೂಲಿ ಮಾಡುವುದು ಕಾರ್ಡ್ ಇದ್ದರೂ ಅಪರಾಧ, ಇಲ್ಲದಿದ್ದರೂ ಅಪರಾಧ. ಅದಕ್ಕೆ ಬೇರೆ ಕಾನೂನು ಇದೆ. ಸ್ಟಿಕ್ಕರ್ ಅಂಟಿಸುತ್ತಾರೆ ಯಾಕೆ? ಆ ಸ್ಟಿಕ್ಕರ್ ನೋಡಿ ಜನ ಹೆದರುತ್ತಾರೆ ಅಂತ. ಕಾರ್ಡಿಗೆ ಬೆಲೆ ಏರಿಸಿದಷ್ಟೂ ನಕಲಿ ಕಾರ್ಡ್ ಜಾಸ್ತಿ ಆಗುತ್ತೆ.

ನಿಮ್ಮ ಪ್ರಶ್ನೆಗೆ ಹತ್ತಿರದ ಒಂದು ಪ್ರಕರಣ ಇದೆ, ಸ್ವಲ್ಪ ಉದ್ದ, ಸಹಿಸಿಕೊಳ್ಳಿ. ಅಮೆರಿಕದ ಓರೆಗಾನ್‌ನ ಒಂದು ಹಣಕಾಸು ಸಂಸ್ಥೆಯ ಮೇಲೆ ಒಬ್ಬ ಬ್ಲಾಗರ್ ವಂಚನೆಯ ಆರೋಪ ಬರೆದಳು. ಅಬ್ಸಿಡಿಯನ್ ಫೈನಾನ್ಸ್ ಪ್ರಕರಣ ಅಂತಲೇ ಹೆಸರಾಗಿದೆ. 2011ರಲ್ಲಿ ಜ್ಯೂರಿ 25 ಲಕ್ಷ ಡಾಲರ್ ಪರಿಹಾರ ಕೊಡಬೇಕು ಅಂದಿತು. ಅವಳು ಮಾಧ್ಯಮದವಳು ಅನ್ನಲು ಪುರಾವೆ ಇಲ್ಲ ಅಂತ ಹೇಳುತ್ತಾ ಜಿಲ್ಲಾ ನ್ಯಾಯಾಧೀಶರು ಒಂದು ಪಟ್ಟಿ ಕೊಟ್ಟಿದ್ದರು. ಪತ್ರಿಕೋದ್ಯಮ ಓದಿದ್ದಾಳಾ, ಹೆಸರಾದ ಸಂಸ್ಥೆಯಲ್ಲಿ ಇದ್ದಾಳಾ, ಸತ್ಯಾಂಶ ಪರಿಶೀಲನೆ ಮಾಡಿದ್ದಾಳಾ, ಮಾತುಕತೆಯ ಟಿಪ್ಪಣಿ ಇಟ್ಟಿದ್ದಾಳಾ, ಎದುರಿನವರನ್ನು ಕೇಳಿದ್ದಾಳಾ, ಹೀಗೆ. 2014ರಲ್ಲಿ ಮೇಲಿನ ಕೋರ್ಟ್ ತೀರ್ಪು ತಿರುಗಿಸಿತು. ಮಾನನಷ್ಟದ ವಿಷಯದಲ್ಲಿ ವಾಕ್ ಸ್ವಾತಂತ್ರ್ಯದ ರಕ್ಷಣೆ ತರಬೇತಿ ಪಡೆದ ಪತ್ರಕರ್ತರಿಗೂ ಒಂದೇ, ಬೇರೆಯವರಿಗೂ ಒಂದೇ ಅಂದಿತು. ಹಾಗಂತ ಅವಳನ್ನು ಹೊಗಳಲಿಲ್ಲ. ಆರೋಪ ಬರೆದು, ತೆಗೆಯಲು ದುಡ್ಡು ಕೇಳುವ ಚಾಳಿ ಇದ್ದಂತಿದೆ ಅಂತ ಅದೇ ತೀರ್ಪಿನಲ್ಲಿ ಇದೆ. ಮನುಷ್ಯರು ಹೇಗೇ ಇರಲಿ, ಅಳೆಯಬೇಕಾದದ್ದು ಆ ಬರಹವನ್ನು.

ನನಗೆ ಆ ಜಿಲ್ಲಾ ನ್ಯಾಯಾಧೀಶರ ಪಟ್ಟಿ ಇಷ್ಟ. ಮೊದಲ ಎರಡನ್ನು ಹೊಡೆದುಹಾಕಿ, ಉಳಿದದ್ದೆಲ್ಲ ಯಾರು ಬೇಕಾದರೂ ಮಾಡಬಹುದಾದ ಕೆಲಸ.

ಖಾಲಿಪುಟ:
ಎಲ್ಲರಿಗೂ ಥ್ಯಾಂಕ್ಸ್, ಇಷ್ಟು ಬರುತ್ತೆ ಅಂದುಕೊಂಡಿರಲಿಲ್ಲ. ಕರಿಕೋಟು ಸರ್, ಮುಖ್ಯವಾದದ್ದು ಇನ್ನೊಂದಿದೆ. ನನಗೆ ಕಾಗದ ಕೊಡುವ ಒಬ್ಬರು ಒಳಗಿನವರು. ನಾಳೆ ಕೋರ್ಟ್ ಅವರ ಹೆಸರು ಹೇಳು ಅಂದರೆ? ಪತ್ರಿಕೆಯವರಾದರೆ ಸಂಸ್ಥೆ ಬೆನ್ನಿಗಿರುತ್ತೆ. ನನಗೆ?

ಕರಿಕೋಟು:
ಅರ್ಹತೆಯ ಪ್ರಶ್ನೆ ನಿಜವಾಗಿ ಕಚ್ಚುವುದು ಇಲ್ಲೇ. ಸುದ್ದಿ ಕೊಟ್ಟವರ ಹೆಸರು ಬಚ್ಚಿಡುವ ರಕ್ಷಣೆ ಕೊಡಬೇಕು ಅಂದರೆ ಯಾರಿಗೆ ಅಂತ ಕಾನೂನು ಎಲ್ಲೋ ಗೆರೆ ಎಳೆಯಲೇಬೇಕು. 2006ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ, ಬಿಡುಗಡೆಯಾಗದ ಉಪಕರಣದ ಸುದ್ದಿ ಕೊಟ್ಟವರು ಯಾರು ಅಂತ ವೆಬ್‌ಸೈಟ್‌ಗಳಿಂದ ತಿಳಿಯಲು ಆಪಲ್ ಕಂಪನಿ ಹೊರಟಿತ್ತು. ಯಾವುದು ಅಸಲಿ ಪತ್ರಿಕೋದ್ಯಮ ಅಂತ ವಿಂಗಡಿಸುವ ಕೆಲಸ ನಮ್ಮದಲ್ಲ ಅಂತ ಕೋರ್ಟ್ ವೆಬ್‌ಸೈಟ್‌ಗಳ ಪರ ನಿಂತಿತು. 2011ರಲ್ಲಿ ನ್ಯೂಜೆರ್ಸಿಯ ಸುಪ್ರೀಂ ಕೋರ್ಟ್ ಒಬ್ಬ ಮಹಿಳೆಗೆ ಆ ರಕ್ಷಣೆ ಕೊಡಲಿಲ್ಲ, ಆಕೆ ಬರೆದದ್ದು ಬರೀ ಕಾಮೆಂಟುಗಳು ಅಂತ. ಆದರೆ ಅದೇ ಕೋರ್ಟ್, ರಕ್ಷಣೆ ಕೇಳಲು ಪತ್ರಕರ್ತರ ಗುರುತಿನ ಚೀಟಿ ಇರಲೇಬೇಕು ಅಂತೇನಿಲ್ಲ ಅಂತಲೂ ಹೇಳಿತು. ಗೆರೆ ಎಳೆಯುವುದಾದರೆ ಹೀಗೆ ಕೆಲಸ ನೋಡಿ ಎಳೆಯಬೇಕು.

ನಮ್ಮಲ್ಲಿ ಸಾಕ್ಷ್ಯದ ಕಾನೂನಿನಲ್ಲಿ ಪತ್ರಕರ್ತರಿಗೆ ಅಂತ ಅಂಥ ರಕ್ಷಣೆಯೇ ಇಲ್ಲ, ಕಾರ್ಡ್ ಇದ್ದವರಿಗೂ ಇಲ್ಲ. ಪ್ರೆಸ್ ಕೌನ್ಸಿಲ್ ಕಾಯ್ದೆಯಲ್ಲಿ ಒಂದು ಸಣ್ಣ ರಕ್ಷಣೆ ಇದೆ, ಅದೂ ಕೌನ್ಸಿಲ್ ಮುಂದಿನ ವಿಚಾರಣೆಗೆ ಮಾತ್ರ. ಆದ್ದರಿಂದ ಡಿಪ್ಲೊಮಾ ನಿಮ್ಮನ್ನು ಕಾಯಲ್ಲ. ಅವರ ಹೆಸರನ್ನು ಎಲ್ಲೂ ಬರೆದಿಡಬೇಡಿ. ಅವರು ಕೊಟ್ಟ ಕಾಗದವನ್ನು ಇದ್ದ ಹಾಗೇ ಸ್ಕ್ಯಾನ್ ಮಾಡಿ ಹಾಕಬೇಡಿ, ಯಾವ ಪ್ರತಿಯಿಂದ ಹೊರಗೆ ಬಂತು ಅನ್ನುವುದು ಮೂಲೆಯ ಒಂದು ಗೀಟಿನಿಂದಲೂ ಗೊತ್ತಾಗುತ್ತೆ. ಆದಷ್ಟು ಅದೇ ಮಾಹಿತಿಯನ್ನು ಆರ್‌ಟಿಐ ಹಾಕಿ ಬೇರೆ ದಾರಿಯಿಂದ ತರಿಸಿ.

ಸುಮ್ನಿರಲ್ಲ:
ನೋಂದಣಿ ಬೇಕು ಅನ್ನುವವರಿಗೆ ಒಂದು ಮಾತು. 2014ರಲ್ಲಿ ರಷ್ಯಾ ದಿನಕ್ಕೆ 3000ಕ್ಕಿಂತ ಜಾಸ್ತಿ ಓದುಗರಿರುವ ಬ್ಲಾಗರ್‌ಗಳೆಲ್ಲ ನೋಂದಾಯಿಸಿಕೊಳ್ಳಬೇಕು ಅಂತ ಕಾನೂನು ತಂದಿತು. ಪತ್ರಿಕೆಯ ಹೊಣೆಯೆಲ್ಲ ಬ್ಲಾಗರ್ ಹೆಗಲಿಗೆ, ಪತ್ರಿಕೆಯ ಸವಲತ್ತು ಮಾತ್ರ ಇರಲಿಲ್ಲ. ಅರ್ಹತೆ ಅಂತ ಶುರುವಾಗಿ ಹಾಜರಿ ಪುಸ್ತಕದಲ್ಲಿ ಮುಗಿಯುತ್ತೆ.

ಹಳೇ ಡೆಸ್ಕು:
ಸರ್ಕಾರದ ನೋಂದಣಿ ನಾನೂ ಕೇಳಲಿಲ್ಲ. ಖಾಲಿಪುಟ ಅವರೇ, ಈ ಗಲಾಟೆಯ ಮಧ್ಯೆ ನಿಮ್ಮ ಬ್ಲಾಗ್ ಹುಡುಕಿ ಕೊನೆಯ ಲೇಖನ ಓದಿದೆ. ಒಳ್ಳೆಯ ಕೆಲಸ ತಾಯಿ, ವಿಳಾಸಗಳ ಆ ಪಟ್ಟಿ ನೋಡಿ ಖುಷಿಯಾಯಿತು. ಈಗ ಬೈಯುತ್ತೇನೆ. ಎರಡನೇ ಪ್ಯಾರಾದಲ್ಲಿ "ಅಧಿಕಾರಿಗಳ ಕೈವಾಡ ಇದೆ ಎಂದು ತಿಳಿದುಬಂದಿದೆ" ಅಂತ ಬರೆದಿದ್ದೀರಿ. ಯಾರಿಗೆ ತಿಳಿದುಬಂತು? ಯಾರಿಂದ? ನಮ್ಮ ಪತ್ರಿಕೆಗಳಿಂದ ಕಲಿತ ಕೆಟ್ಟ ಅಭ್ಯಾಸ ಅದು, "ಎನ್ನಲಾಗಿದೆ", "ಬಲ್ಲ ಮೂಲಗಳ ಪ್ರಕಾರ" ಎಲ್ಲ ಅದರ ಅಣ್ಣತಮ್ಮಂದಿರು. ಮೂರು ಕಂಪನಿಗಳ ವಿಳಾಸ ಒಂದೇ ಅನ್ನುವುದು ನಿಮ್ಮ ಕೈಯಲ್ಲಿದೆ. ಕೈವಾಡ ನಿಮ್ಮ ಕೈಯಲ್ಲಿಲ್ಲ. ಆ ಸಾಲು ತೆಗೆಯಿರಿ, ತೆಗೆದಿದ್ದೇನೆ ಅಂತ ಕೆಳಗೆ ದಿನಾಂಕ ಹಾಕಿ ಬರೆಯಿರಿ. ಆ ಕಂಪನಿಗಳನ್ನು ಕೇಳಿದ್ದೀರಾ?

ಖಾಲಿಪುಟ:
ಒಂದಕ್ಕೆ ಫೋನ್ ಮಾಡಿದ್ದೆ ಸರ್, ಎತ್ತಲಿಲ್ಲ. ಅದನ್ನು ಬರೆದಿಲ್ಲ.

ಹಳೇ ಡೆಸ್ಕು:
ಮೂವರಿಗೂ ಇಮೇಲ್ ಹಾಕಿ. ಪ್ರಶ್ನೆಗಳನ್ನು ಒಂದು, ಎರಡು ಅಂತ ಬಿಡಿಸಿ ಬರೆಯಿರಿ, ಉತ್ತರಿಸಲು ಮೂರು ದಿನ ಕೊಡಿ. ಇಲಾಖೆಗೂ ಒಂದು ಹಾಕಿ. ಬಾಗಿಲಲ್ಲಿ ತಡೆದವರು ಇಮೇಲ್ ತಡೆಯೋಕಾಗಲ್ಲ. ಉತ್ತರ ಬಂದರೆ ಪೂರ್ತಿ ಹಾಕಿ, ಬರದಿದ್ದರೆ ಯಾವತ್ತು ಕೇಳಿದಿರಿ ಅಂತ ಹಾಕಿ. ಕರಡು ಬರೆದ ಮೇಲೆ ಬೇಕಿದ್ದರೆ ನನಗೆ ಕಳಿಸಿ, ಕೆಂಪು ಇಂಕು ಇನ್ನೂ ಇದೆ.